ಮೇಷ್ಟ್ರ ಸಂಬಳ ಕೊಡುವವರು ಯಾರು? ಖಾಸಗಿ ಶಾಲೆ ಬಗ್ಗೆ ಓದುಗರ ಪ್ರಶ್ನೆಗಳು

ಶಾಲೆಗೆ ಸೇರಿಸುವ ಕಾಲ ಹತ್ತಿರ ಬರುತ್ತಿದ್ದಂತೆ ಹಾಸನ, ಚಿಕ್ಕಮಗಳೂರು ಜಿಲ್ಲೆಗಳ ಓದುಗರಿಂದ ಖಾಸಗಿ ಶಾಲೆಗಳ ಬಗ್ಗೆ ಬಹಳ ಪ್ರಶ್ನೆಗಳು ಬಂದಿವೆ. ಒಂದೇ ಬಗೆಯವನ್ನು ಕೂಡಿಸಿ, ಶಾಲಾ ಆಡಳಿತ ಮತ್ತು ಶಿಕ್ಷಣ ಕಾನೂನು ಬಲ್ಲ ಬಳಗದಿಂದ ಉತ್ತರ ಬರೆಸಿದ್ದೇವೆ.

ಪ್ರಶ್ನೆ: ಮಗಳು ಬರುವ ಜೂನ್‌ಗೆ ಒಂದನೇ ತರಗತಿ. ನಮ್ಮ ಮನೆಯ ಸುತ್ತಮುತ್ತ ಒಂದು ಸರ್ಕಾರಿ ಶಾಲೆ, ಒಂದು ಅನುದಾನಿತ ಶಾಲೆ, ಎರಡು ಖಾಸಗಿ ಶಾಲೆ ಇವೆ. ಒಬ್ಬರು ‘ಅನುದಾನರಹಿತ’ ಅಂತಾರೆ, ಇನ್ನೊಬ್ಬರು ‘ಇಂಡಿಪೆಂಡೆಂಟ್’ ಅಂತಾರೆ. ನಿಜವಾದ ವ್ಯತ್ಯಾಸ ಏನು?
– ಒಬ್ಬ ತಾಯಿ, ಹಾಸನ

ಉತ್ತರ: ಕಟ್ಟಡ, ಬಸ್ಸು, ಟೈ, ಬೂಟು ಎಲ್ಲವನ್ನೂ ಬದಿಗಿಟ್ಟು ಒಂದು ವಿಷಯ ವಿಚಾರಿಸಿ: ಇಲ್ಲಿನ ಮೇಷ್ಟ್ರ ಸಂಬಳ ಎಲ್ಲಿಂದ ಬರುತ್ತದೆ? ಮಿಕ್ಕ ವ್ಯತ್ಯಾಸಗಳೆಲ್ಲ ಅಲ್ಲಿಂದಲೇ ಹುಟ್ಟುತ್ತವೆ. ಸರ್ಕಾರಿ ಶಾಲೆಯಲ್ಲಿ ಸಂಬಳ ಖಜಾನೆಯಿಂದ ಬರುತ್ತದೆ. ಅನುದಾನಿತ ಶಾಲೆಯಲ್ಲಿ ಆಡಳಿತ ಮಂಡಳಿ ಖಾಸಗಿಯದು, ಮಂಜೂರಾದ ಹುದ್ದೆಗಳ ಸಂಬಳ ಮಾತ್ರ ಸರ್ಕಾರದ್ದು. ಅನುದಾನರಹಿತ ಶಾಲೆಯಲ್ಲಿ ನೀವು ಕಟ್ಟುವ ಶುಲ್ಕವೇ ಸಂಬಳ. 2009ರ ಶಿಕ್ಷಣ ಹಕ್ಕು ಕಾಯ್ದೆ ಈ ಮೂರರ ಜೊತೆಗೆ ಕೇಂದ್ರೀಯ ವಿದ್ಯಾಲಯ, ನವೋದಯ, ಸೈನಿಕ ಶಾಲೆಗಳನ್ನು ‘ನಿರ್ದಿಷ್ಟ ವರ್ಗ’ ಎಂದು ಬೇರೆ ಇಟ್ಟು ಒಟ್ಟು ನಾಲ್ಕು ಬಗೆ ಮಾಡಿದೆ. ಅನುದಾನ ಪಡೆಯದ ಖಾಸಗಿ ಶಾಲೆಯನ್ನೇ ಸಿಬಿಎಸ್‌ಇ ತನ್ನ ಪಟ್ಟಿಯಲ್ಲಿ ‘ಇಂಡಿಪೆಂಡೆಂಟ್’ ಎಂದು ಬರೆಯುತ್ತದೆ. ನೀವು ಕೇಳಿದ ಎರಡೂ ಹೆಸರು ಒಂದೇ ಶಾಲೆಗೆ ಸೇರಿದವು.

ಬೋರ್ಡಿನ ಮೇಲಿರುವ ‘ಪಬ್ಲಿಕ್’, ‘ಇಂಟರ್‌ನ್ಯಾಷನಲ್’, ‘ಟೆಕ್ನೋ’, ‘ಒಲಿಂಪಿಯಾಡ್’ ಮುಂತಾದ ಮಾತುಗಳಿಗೆ ಕಾನೂನಿನಲ್ಲಿ ಅರ್ಥವಿಲ್ಲ. ಒಂದು ಎಚ್ಚರ ಮಾತ್ರ ಬೇಕು: ‘ಕರ್ನಾಟಕ ಪಬ್ಲಿಕ್ ಸ್ಕೂಲ್’ ಎಂದಿದ್ದರೆ ಅದು ಸರ್ಕಾರಿ ಶಾಲೆ.

ಅನುದಾನರಹಿತ ಶಾಲೆ ಯಾರೋ ಒಬ್ಬರ ಅಂಗಡಿಯಲ್ಲ. ಅದನ್ನು ಟ್ರಸ್ಟ್, ನೋಂದಾಯಿತ ಸಂಘ ಅಥವಾ ಲಾಭದ ಉದ್ದೇಶವಿಲ್ಲದ ಕಂಪನಿ ನಡೆಸಬೇಕು. ಈ ಶಾಲೆಗಳ ಸ್ವಾತಂತ್ರ್ಯದ ಗಡಿ ಹಾಕಿದ್ದು ಸುಪ್ರೀಂ ಕೋರ್ಟಿನ 11 ನ್ಯಾಯಮೂರ್ತಿಗಳ ಪೀಠ 2002ರಲ್ಲಿ ಟಿ.ಎಂ.ಎ. ಪೈ ಫೌಂಡೇಷನ್ ಪ್ರಕರಣದಲ್ಲಿ ಕೊಟ್ಟ ತೀರ್ಪು. ಶುಲ್ಕ ನಿಗದಿ ಮಾಡುವುದು, ಶಿಕ್ಷಕರನ್ನು ನೇಮಿಸುವುದು, ಆಡಳಿತ ನಡೆಸುವುದು ಸಂಸ್ಥೆಯ ಹಕ್ಕು. ಶಾಲೆ ಬೆಳೆಸಲು ಬೇಕಾದಷ್ಟು ಹಣ ಉಳಿಸಿಕೊಳ್ಳಬಹುದು. ಲಾಭಕೋರತನ ಮಾಡುವಂತಿಲ್ಲ, ಡೊನೇಷನ್ ವಸೂಲಿ ಮಾಡುವಂತಿಲ್ಲ.

ಸ್ವಾತಂತ್ರ್ಯ ಇಲ್ಲದ ಕಡೆಗಳೂ ಇವೆ, ಪೋಷಕರು ಮರೆಯುವುದು ಇದನ್ನೇ. ಮಾನ್ಯತೆ ಇಲ್ಲದೆ ಶಾಲೆ ನಡೆಸಿದರೆ 1 ಲಕ್ಷ ರೂಪಾಯಿವರೆಗೆ ದಂಡ, ಮುಂದುವರಿಸಿದರೆ ದಿನಕ್ಕೆ 10,000 ರೂಪಾಯಿವರೆಗೆ. ಒಂದನೇ ತರಗತಿಗೆ ಸೇರಿಸುವಾಗ ಮಗುವಿಗಾಗಲಿ ತಂದೆತಾಯಿಗಾಗಲಿ ಪರೀಕ್ಷೆ, ಸಂದರ್ಶನ ಮಾಡಿದರೆ ಮೊದಲ ಸಲ 25,000, ನಂತರ ಪ್ರತಿ ಸಲ 50,000 ರೂಪಾಯಿವರೆಗೆ ದಂಡ. ಮಗುವನ್ನು ಹೊಡೆಯುವಂತಿಲ್ಲ, ಅವಮಾನಿಸುವಂತಿಲ್ಲ. ಒಂದರಿಂದ ಐದರವರೆಗೆ ಕಲಿಸುವವರಿಗೆ ಡಿ.ಎಲ್‌.ಎಡ್ ತರಬೇತಿ, ಟಿಇಟಿ (ಶಿಕ್ಷಕರ ಅರ್ಹತಾ ಪರೀಕ್ಷೆ) ಎರಡೂ ಬೇಕು. ಬಿ.ಎಡ್ ಈ ತರಗತಿಗಳಿಗೆ ಅರ್ಹತೆಯಲ್ಲ ಎಂದು 2023ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಇನ್ನು ನಿಮ್ಮ ಮಗುವಿಗೆ ಅಲ್ಲಿ ಸಿಗದಿರುವುದು: ಮಧ್ಯಾಹ್ನದ ಬಿಸಿಯೂಟ, ಕ್ಷೀರಭಾಗ್ಯದ ಹಾಲು, ಮೊಟ್ಟೆ ಅಥವಾ ಬಾಳೆಹಣ್ಣು, ಉಚಿತ ಪಠ್ಯಪುಸ್ತಕ. ಇವು ಸರ್ಕಾರಿ ಮತ್ತು ಅನುದಾನಿತ ಶಾಲೆಗಳಿಗೆ ಮಾತ್ರ. ಪೋಷಕರಿಗೆ ಅಧಿಕಾರವಿರುವ ಶಾಲಾಭಿವೃದ್ಧಿ ಸಮಿತಿ (ಎಸ್‌ಡಿಎಂಸಿ) ಕೂಡ ಖಾಸಗಿ ಶಾಲೆಯಲ್ಲಿ ಇರುವುದಿಲ್ಲ. ಶಾಲೆ ಒಂದು ಪೋಷಕರ ಸಭೆ ಕರೆಯಬಹುದು, ಆದರೆ ಅಲ್ಲಿನ ಮಾತಿಗೆ ಆಡಳಿತ ಮಂಡಳಿ ಕಟ್ಟುಬೀಳಬೇಕಿಲ್ಲ.

ಸಂಬಳದ ಮಾತಿಗೆ ಮರಳೋಣ. ಒಂದರಿಂದ ಏಳರವರೆಗೆ ತರಗತಿಗೆ 30ರಂತೆ 210 ಮಕ್ಕಳು, ಒಂಬತ್ತು ಶಿಕ್ಷಕರು ಇರುವ ಶಾಲೆ ಎಂದುಕೊಳ್ಳಿ. ಒಬ್ಬರಿಗೆ ತಿಂಗಳಿಗೆ 22,000 ರೂಪಾಯಿ ಕೊಟ್ಟರೆ ವರ್ಷಕ್ಕೆ 23,76,000 ರೂಪಾಯಿ ಆಯಿತು. ಮಗುವಿನ ತಲೆಗೆ ಸುಮಾರು 11,300. ಇದು ಬರೀ ಶಿಕ್ಷಕರ ಸಂಬಳ. ಆಯಾ, ಗುಮಾಸ್ತರು, ಕರೆಂಟು, ರಿಪೇರಿ, ಸಾಲದ ಕಂತು ಇದರ ಮೇಲೆ. ಆದ್ದರಿಂದ ಇಷ್ಟೇ ದೊಡ್ಡ ಶಾಲೆಯೊಂದು ವರ್ಷಕ್ಕೆ 9,000 ರೂಪಾಯಿ ಶುಲ್ಕ ಸಾಕು ಎಂದರೆ ಸಂತೋಷಪಡುವ ಮೊದಲು ಯೋಚಿಸಿ: ಆ ಕೊರತೆ ಮೇಷ್ಟ್ರ ಸಂಬಳದಲ್ಲೇ ತುಂಬಿಕೊಳ್ಳುತ್ತದೆ. ಸಂಬಳ ಸಾಲದವರು ಬೇರೆ ಕೆಲಸ ಸಿಕ್ಕ ಕೂಡಲೇ ಹೋಗುತ್ತಾರೆ, ಎಷ್ಟೋ ಸಲ ವರ್ಷದ ನಡುವೆಯೇ. ಒಂದನೇ ತರಗತಿಯ ಮಗು ಅಕ್ಷರ ಕೂಡಿಸಿ ಓದಲು ಕಲಿಯುವ ಹೊತ್ತಿಗೆ ಟೀಚರ್ ಬದಲಾದರೆ ಅದರ ಪೆಟ್ಟು ಎರಡು ವರ್ಷ ಕಾಣುತ್ತದೆ. ಇನ್ನೊಂದು ಕಡೆ 30,000 ಶುಲ್ಕ ಪಡೆದೂ ಅದೇ 22,000 ಸಂಬಳ ಕೊಡುವ ಶಾಲೆಯಲ್ಲಿ ಶುಲ್ಕದ ನೂರಕ್ಕೆ 38ರಷ್ಟು ಮಾತ್ರ ಪಾಠಕ್ಕೆ ಹೋಗುತ್ತಿದೆ. ಉಳಿದದ್ದು ಎಲ್ಲಿಗೆ ಎಂದು ಕೇಳಲು ನಿಮಗೆ ಪೂರ್ತಿ ಹಕ್ಕಿದೆ.

ಸರ್ಕಾರಿ ಶಾಲೆಯ ತೊಂದರೆ ಇದಕ್ಕೆ ತಿರುಗು ಮುರುಗು. ಅಲ್ಲಿನ ಮೇಷ್ಟ್ರಿಗೆ ಅರ್ಹತೆಯೂ ಇದೆ, ಸಂಬಳದ ಭದ್ರತೆಯೂ ಇದೆ. ಆದರೆ ಮಕ್ಕಳು ಕಡಿಮೆಯಾದ ಕಡೆ ಇಬ್ಬರೇ ಸೇರಿ ಐದು ತರಗತಿ ನೋಡಬೇಕು, ನಡುವೆ ಚುನಾವಣೆ, ಸಮೀಕ್ಷೆಯ ಕೆಲಸ. ಅನುದಾನಿತ ಶಾಲೆಯಲ್ಲಿ ನಿವೃತ್ತರಾದವರ ಹುದ್ದೆ ತುಂಬುವುದು ತಡವಾಗಿ, ಆ ಜಾಗಕ್ಕೆ ಆಡಳಿತ ಮಂಡಳಿಯೇ ಕಡಿಮೆ ಸಂಬಳದವರನ್ನು ಇಟ್ಟುಕೊಂಡಿರುತ್ತದೆ. ಹೆಸರು ಅನುದಾನಿತವಾದರೂ ಅರ್ಧ ಶಾಲೆ ಅನುದಾನರಹಿತವಾಗಿಯೇ ನಡೆಯುತ್ತಿರಬಹುದು. ‘ಅನುದಾನದ ಹುದ್ದೆಯಲ್ಲಿ ಈಗ ಎಷ್ಟು ಜನ ಇದ್ದೀರಿ?’ ಎಂದು ಮುಖ್ಯೋಪಾಧ್ಯಾಯರನ್ನು ಕೇಳಿ, ಹೇಳುತ್ತಾರೆ.

ವಯಸ್ಸಿನ ಮಾತು: ಒಂದನೇ ತರಗತಿಗೆ ಜೂನ್ 1ಕ್ಕೆ ಆರು ವರ್ಷ ತುಂಬಿರಬೇಕೆಂಬುದು ರಾಜ್ಯದ ನಿಯಮ. 2025-26ರಲ್ಲಿ ಆ ವರ್ಷಕ್ಕೆಂದೇ ಐದು ವರ್ಷ ಐದು ತಿಂಗಳಿಗೆ ಸಡಿಲಿಸಿದ್ದರು. ಎಲ್‌ಕೆಜಿಗೆ ಸೇರಿಸುವಾಗಲೇ ಈ ಲೆಕ್ಕ ಹಾಕದಿದ್ದರೆ ಯುಕೆಜಿ ಮುಗಿದ ಮೇಲೆ ಮಗು ಒಂದು ವರ್ಷ ನಿಲ್ಲಬೇಕಾಗುತ್ತದೆ.

ಪ್ರಶ್ನೆ: ಶಾಲೆಯ ಬೋರ್ಡಿನಲ್ಲಿ ‘ಸಿಬಿಎಸ್‌ಇ’ ಎಂದು ದೊಡ್ಡದಾಗಿ ಬರೆದಿದ್ದಾರೆ. ವಿಚಾರಿಸಿದರೆ ‘ಅಫಿಲಿಯೇಷನ್ ಬರ್ತಾ ಇದೆ’ ಅಂತಾರೆ. ನಂಬಬಹುದೇ?
– ಅರಸೀಕೆರೆಯ ಪೋಷಕರು

ಉತ್ತರ: ಕಾಗದ ನೋಡುವವರೆಗೆ ನಂಬಬೇಡಿ. ಖಾಸಗಿ ಶಾಲೆಗೆ ಎರಡು ಬೇರೆ ಬೇರೆ ಒಪ್ಪಿಗೆ ಬೇಕು. ಒಂದು, ರಾಜ್ಯ ಶಿಕ್ಷಣ ಇಲಾಖೆಯ ಮಾನ್ಯತೆ. ಎರಡು, ಸಿಬಿಎಸ್‌ಇ ಕೊಡುವ ಸಂಯೋಜನೆ, ಅಂದರೆ ಅಫಿಲಿಯೇಷನ್. ಮೊದಲನೆಯದು ಮಾತ್ರ ಇದ್ದು ಎರಡನೆಯದನ್ನು ಬೋರ್ಡಿನಲ್ಲಿ ಬರೆಸಿಕೊಂಡ ಶಾಲೆಗಳೇ ಸಮಸ್ಯೆಯ ಮೂಲ.

ನೋಡಬೇಕಾದ ಕ್ರಮ ಹೀಗೆ. ಮೊದಲು ಶಾಲೆಯ 11 ಅಂಕಿಯ ಯು-ಡೈಸ್ ಸಂಖ್ಯೆ (ದೇಶದ ಶಾಲೆಗಳ ದಾಖಲೆಯಲ್ಲಿ ಅದರ ಗುರುತು) ಕೇಳಿ. ನಮ್ಮ ರಾಜ್ಯದ್ದು 29ರಿಂದ ಶುರುವಾಗುತ್ತದೆ. ಅದನ್ನು ಯು-ಡೈಸ್ ಪ್ಲಸ್ ಜಾಲತಾಣದ ‘ನೋ ಯುವರ್ ಸ್ಕೂಲ್’ ಪುಟದಲ್ಲಿ ಹಾಕಿದರೆ ಶಾಲೆ ಯಾವ ಬಗೆಯದು, ಎಷ್ಟನೇ ತರಗತಿವರೆಗೆ ಇದೆ, ಮಾಧ್ಯಮ ಯಾವುದು, ಶಿಕ್ಷಕರು ಎಷ್ಟು ಎಂದು ಕಾಣುತ್ತದೆ. ಇಲ್ಲೊಂದು ಮೋಸಹೋಗುವ ಜಾಗ ಇದೆ: ಯು-ಡೈಸ್ ಸಂಖ್ಯೆ ಇದ್ದ ಮಾತ್ರಕ್ಕೆ ಮಾನ್ಯತೆ ಇದೆ ಎಂದಲ್ಲ, ಮಾನ್ಯತೆ ಇಲ್ಲದ ಶಾಲೆಯೂ ಅಲ್ಲಿ ದಾಖಲಾಗಿರುತ್ತದೆ. ಆದ್ದರಿಂದ ‘ಅನುದಾನರಹಿತ, ಮಾನ್ಯತೆ ಪಡೆದದ್ದು’ ಎಂಬ ಸಾಲು ಓದಿಕೊಳ್ಳಿ. ಆಮೇಲೆ ಮಾನ್ಯತೆ ನವೀಕರಣದ ಆದೇಶದ ಪ್ರತಿ ಕೇಳಿ, ಮೂರು ಅಂಶ ನೋಡಿ: ಯಾವ ವರ್ಷದವರೆಗೆ, ಎಷ್ಟನೇ ತರಗತಿವರೆಗೆ, ಯಾವ ಮಾಧ್ಯಮಕ್ಕೆ. ಐದರವರೆಗೆ ಮಾನ್ಯತೆ ಪಡೆದು ಏಳರವರೆಗೆ ನಡೆಸುವುದು, ಕನ್ನಡ ಮಾಧ್ಯಮಕ್ಕೆ ಪಡೆದು ಇಂಗ್ಲಿಷ್ ಮಾಧ್ಯಮ ನಡೆಸುವುದು, ಇವೆರಡೇ ಹೆಚ್ಚು ಕಾಣುವ ತಪ್ಪುಗಳು. ಪ್ರತಿ ಕೊಡದಿದ್ದರೆ ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಕಚೇರಿಯಲ್ಲಿ ಮಾಹಿತಿ ಹಕ್ಕಿನಡಿ 10 ರೂಪಾಯಿ ಕಟ್ಟಿ ಅರ್ಜಿ ಕೊಡಿ, 30 ದಿನದೊಳಗೆ ಉತ್ತರ ಬರಬೇಕು.

ಸಿಬಿಎಸ್‌ಇ ವಿಷಯಕ್ಕೆ ಆ ಮಂಡಳಿಯ ‘ಸರಸ್’ ಜಾಲತಾಣದಲ್ಲಿ ರಾಜ್ಯ, ಜಿಲ್ಲೆ ಆರಿಸಿ ಶಾಲೆಯ ಹೆಸರು ಹುಡುಕಿ. ಸಂಯೋಜನೆ ಪಡೆದ ಪ್ರತಿ ಶಾಲೆ ತನ್ನ ಜಾಲತಾಣದಲ್ಲಿ ಸಂಯೋಜನೆ ಪತ್ರ, ಟ್ರಸ್ಟ್ ನೋಂದಣಿ, ಕಟ್ಟಡ ಮತ್ತು ಅಗ್ನಿ ಸುರಕ್ಷತಾ ಪತ್ರ, ಶುಲ್ಕದ ವಿವರ, ಶಿಕ್ಷಕರ ವಿವರ, ಹಿಂದಿನ ಮೂರು ವರ್ಷದ ಫಲಿತಾಂಶ ಹಾಕಲೇಬೇಕು. ಆ ಪುಟ ಖಾಲಿ ಇದ್ದರೆ ಅದೇ ನಿಮಗೆ ಉತ್ತರ.

ಯಾಕಿಷ್ಟು ಹಟ ಹಿಡಿಯಬೇಕೆಂದರೆ, ತೊಂದರೆ ಗೊತ್ತಾಗುವುದು ಒಂಬತ್ತನೇ ತರಗತಿಯಲ್ಲಿ. ಹತ್ತನೇ ತರಗತಿ ಬೋರ್ಡ್ ಪರೀಕ್ಷೆಗೆ ಮಗು ಒಂಬತ್ತರಲ್ಲೇ ಸಂಯೋಜನೆ ಪಡೆದ ಶಾಲೆಯಿಂದ ನೋಂದಣಿಯಾಗಿರಬೇಕು. ಆ ಹೊತ್ತಿಗೂ ಸಂಯೋಜನೆ ಬಾರದಿದ್ದರೆ ಶಾಲೆಯವರು ಮಕ್ಕಳನ್ನು ಬೇರೆ ಊರಿನ ಶಾಲೆಯ ಹೆಸರಿನಲ್ಲಿ ತೋರಿಸುತ್ತಾರೆ, ಅದು ನಿಯಮಕ್ಕೆ ವಿರುದ್ಧ. ಇಲ್ಲವೇ ‘ಎಸ್‌ಎಸ್‌ಎಲ್‌ಸಿ ಬರೆಸೋಣ’ ಎನ್ನುತ್ತಾರೆ. ಆಗ ಮಗು ಎಂಟು ವರ್ಷ ಓದಿದ ಪುಸ್ತಕ ಒಂದು, ಬರೆಯುವ ಪರೀಕ್ಷೆ ಇನ್ನೊಂದು.

ಅಗ್ನಿ ಸುರಕ್ಷತಾ ಪತ್ರ ಕೇಳಿದರೆ ಕೆಲವರು ಮುಖ ಸಿಂಡರಿಸುತ್ತಾರೆ. ಕೇಳಿಯೇ ಕೇಳಿ. 2004ರ ಜುಲೈ 16ರಂದು ತಮಿಳುನಾಡಿನ ಕುಂಭಕೋಣದ ಶಾಲೆಯೊಂದರಲ್ಲಿ ಅಡುಗೆ ಮನೆಯಿಂದ ಹಬ್ಬಿದ ಬೆಂಕಿಗೆ 94 ಮಕ್ಕಳು ಬಲಿಯಾದರು. ಆಮೇಲೆಯೇ, 2009ರಲ್ಲಿ, ಎಲ್ಲ ಶಾಲೆಗಳಿಗೂ ಈ ಸುರಕ್ಷತೆ ಕಡ್ಡಾಯವೆಂದು ಸುಪ್ರೀಂ ಕೋರ್ಟ್ ಆದೇಶಿಸಿತು.

ಪ್ರಶ್ನೆ: ಶಾಲೆ ನೋಡಲು ಹೋದಾಗ ಅವರು ಸ್ಮಾರ್ಟ್ ಕ್ಲಾಸು, ಕಂಪ್ಯೂಟರ್ ರೂಮು ತೋರಿಸಿ ಕಳಿಸುತ್ತಾರೆ. ನಾವು ಏನು ನೋಡಬೇಕು?
– ಓದುಗರು, ಕಡೂರು

ಉತ್ತರ: ‘ಓಪನ್ ಡೇ’ಗೆ ಹೋಗಬೇಡಿ. ವಾರದ ನಡುವೆ, ಬೆಳಿಗ್ಗೆ 11 ಗಂಟೆ ಹೊತ್ತಿಗೆ, ಪಾಠ ನಡೆಯುವಾಗ ಹೋಗಿ. ಒಂದು ಗಂಟೆ ಸಾಕು.

ಮೊದಲ ಪ್ರಶ್ನೆ, ಒಂದರಿಂದ ಮೂರನೇ ತರಗತಿಯ ಟೀಚರುಗಳು ಈ ಶಾಲೆಯಲ್ಲಿ ಎಷ್ಟು ವರ್ಷದಿಂದ ಇದ್ದಾರೆ? ಅರ್ಧದಷ್ಟು ಜನ ಮೂರು ವರ್ಷ ದಾಟಿದ್ದರೆ ಶಾಲೆ ಗಟ್ಟಿಯಾಗಿದೆ ಎಂದೇ ನಮ್ಮ ಎಣಿಕೆ. ಎಲ್ಲರೂ ಈ ಜೂನ್‌ನಲ್ಲಿ ಬಂದವರಾದರೆ ಕಟ್ಟಡ ಎಷ್ಟೇ ಚೆನ್ನಾಗಿರಲಿ, ಇನ್ನೊಂದು ಶಾಲೆ ನೋಡಿ.

ಎರಡನೆಯದು, ಮೂರನೇ ತರಗತಿಯ ನಾಲ್ಕು ಮಕ್ಕಳ ನೋಟ್‌ಬುಕ್ ಕೇಳಿ ಪಡೆದು ಪಕ್ಕಪಕ್ಕ ಇಟ್ಟು ನೋಡಿ. ನಾಲ್ಕರಲ್ಲೂ ಅಕ್ಷರ ಬಿಡದೆ ಒಂದೇ ಉತ್ತರ ಇದ್ದರೆ ಮಕ್ಕಳು ಬೋರ್ಡಿನಿಂದ ಇಳಿಸಿಕೊಳ್ಳುತ್ತಿದ್ದಾರೆ, ಬರೆಯುತ್ತಿಲ್ಲ. ತಪ್ಪು ಇದ್ದು, ಅದನ್ನು ಟೀಚರ್ ತಿದ್ದಿ, ಮಗು ಮತ್ತೆ ಸರಿಯಾಗಿ ಬರೆದಿದ್ದರೆ ಅಲ್ಲಿ ಕಲಿಕೆ ನಡೆಯುತ್ತಿದೆ. ಪುಟಪುಟಕ್ಕೂ ಬರೀ ‘ರೈಟ್’ ಗುರುತು ಕಂಡರೆ ಯಾರೂ ಓದಿಲ್ಲ ಎಂದು ತಿಳಿಯಿರಿ.

ಹೆಣ್ಣುಮಕ್ಕಳ ಶೌಚಾಲಯದಲ್ಲಿ ಆ ಹೊತ್ತಿಗೆ ನೀರು ಬರುತ್ತಿದೆಯೇ, ಒಳಗಿನಿಂದ ಚಿಲಕ ಬೀಳುತ್ತದೆಯೇ ನೋಡಿ. ಇದು ಸಣ್ಣ ಮಾತಲ್ಲ. ಶೌಚಾಲಯಕ್ಕೆ ಹೆದರಿ ಬೆಳಿಗ್ಗೆಯಿಂದ ನೀರು ಕುಡಿಯದೆ ಕೂರುವ ಮಕ್ಕಳು ಬಹಳ. ಲೈಬ್ರರಿಯಲ್ಲಿ ಕಪಾಟು ನೋಡುವುದಕ್ಕಿಂತ ಪುಸ್ತಕ ಕೊಟ್ಟ ರಿಜಿಸ್ಟರ್ ನೋಡಿ, ಕೊನೆಯ ತಾರೀಕು ಯಾವುದು ಎಂದು. ಶುಲ್ಕದ ವಿವರವನ್ನು ಬಾಯಲ್ಲಿ ಕೇಳಿಕೊಂಡು ಬರಬೇಡಿ: ಬೋಧನಾ ಶುಲ್ಕ, ಬಸ್ಸು, ಪುಸ್ತಕ, ಯೂನಿಫಾರ್ಮ್, ಪರೀಕ್ಷೆ, ‘ಚಟುವಟಿಕೆ’ ಎಂದು ಬಿಡಿಸಿ ಬರೆದ ಹಾಳೆ ತನ್ನಿ. ಕಡಿಮೆ ಎಂದು ಹೇಳಿದ ಶುಲ್ಕ ಆಗಸ್ಟ್ ಹೊತ್ತಿಗೆ ಒಂದೂವರೆ ಪಟ್ಟಾಗುವುದು ಈ ಕೊನೆಯ ಮೂರು ಬಾಬತ್ತಿನಲ್ಲಿ.

ಪ್ರಶ್ನೆ: ಒಂದೇ ಸಲಕ್ಕೆ ಶುಲ್ಕ ಬಹಳ ಏರಿಸಿದ್ದಾರೆ. ಇಲಾಖೆಗೆ ದೂರು ಕೊಟ್ಟರೆ ಇಳಿಸುತ್ತಾರೆಯೇ? ‘ಅಭಿವೃದ್ಧಿ ನಿಧಿ’ಗೆ ರಸೀದಿಯೂ ಕೊಡುತ್ತಿಲ್ಲ.
– ಚಿಕ್ಕಮಗಳೂರಿನ ಪೋಷಕರು

ಉತ್ತರ: ಎರಡನ್ನೂ ಬೇರೆ ಮಾಡಿ ನೋಡಬೇಕು. ಅನುದಾನರಹಿತ ಶಾಲೆಗಳ ಶುಲ್ಕ ನಿಯಂತ್ರಿಸಲು ಕರ್ನಾಟಕ ಶಿಕ್ಷಣ ಕಾಯ್ದೆಯಲ್ಲಿದ್ದ ಕಲಮುಗಳು ಆ ಶಾಲೆಗಳಿಗೆ ಅನ್ವಯಿಸುವುದಿಲ್ಲವೆಂದು ಹೈಕೋರ್ಟ್ 2023ರ ಜನವರಿಯಲ್ಲಿ ತೀರ್ಪು ಕೊಟ್ಟಿದೆ. ಆದ್ದರಿಂದ ‘ಇಷ್ಟೇ ತೆಗೆದುಕೊಳ್ಳಿ’ ಎಂದು ಬಿಇಒ ಆದೇಶಿಸುತ್ತಾರೆಂಬ ನಿರೀಕ್ಷೆ ಬೇಡ. ಏರಿಕೆ ವಿಷಯದಲ್ಲಿ ಫಲ ಕೊಡುವುದು ಪೋಷಕರು ಒಟ್ಟಾಗಿ ಲಿಖಿತವಾಗಿ ಲೆಕ್ಕ ಕೇಳುವುದು. ಏರಿಸಿದ ಹಣದಲ್ಲಿ ಶಿಕ್ಷಕರ ಸಂಬಳಕ್ಕೆ ಎಷ್ಟು ಎಂಬ ಒಂದೇ ಪ್ರಶ್ನೆಗೆ ಉತ್ತರ ಕೇಳಿ.

ರಸೀದಿ ಕೊಡದ ಹಣದ ಮಾತು ಬೇರೆ. ಘೋಷಿಸಿದ ಶುಲ್ಕದ ಹೊರಗೆ ಪಡೆಯುವ ಯಾವ ದೇಣಿಗೆಯೂ ಕ್ಯಾಪಿಟೇಷನ್. ಶಿಕ್ಷಣ ಹಕ್ಕು ಕಾಯ್ದೆಯ 13ನೇ ಕಲಮಿನಲ್ಲಿ ಅದರ ಹತ್ತು ಪಟ್ಟಿನವರೆಗೆ ದಂಡವಿದೆ. 1984ರಿಂದಲೇ ರಾಜ್ಯದಲ್ಲಿ ಇದಕ್ಕೆಂದೇ ನಿಷೇಧ ಕಾಯ್ದೆಯೂ ಇದೆ. ನಗದು ಕೊಡಬೇಡಿ. ಶಾಲೆಯ ಬ್ಯಾಂಕ್ ಖಾತೆಗೇ ಹಾಕಿ, ಯಾವುದಕ್ಕೆ ಎಂದು ಟಿಪ್ಪಣಿ ಬರೆಯಿರಿ. ಒಬ್ಬ ವ್ಯಕ್ತಿಯ ಫೋನ್ ನಂಬರಿಗೆ ಹಣ ಹಾಕಿ ಎಂದರೆ ಅಲ್ಲೇ ನಿಲ್ಲಿ. ಹಳೆಯ ಪದ್ಧತಿಯಲ್ಲಿ ಆದಾಯ ತೆರಿಗೆ ಕಟ್ಟುವವರಿಗೆ ಇಬ್ಬರು ಮಕ್ಕಳ ಬೋಧನಾ ಶುಲ್ಕಕ್ಕೆ 1.5 ಲಕ್ಷದ ಮಿತಿಯೊಳಗೆ ವಿನಾಯಿತಿ ಸಿಗುತ್ತದೆ. ಬಸ್ಸು, ಅಭಿವೃದ್ಧಿ ನಿಧಿ, ದೇಣಿಗೆ ಅದರಲ್ಲಿ ಸೇರುವುದಿಲ್ಲ. ರಸೀದಿಯಲ್ಲಿ ಬಾಬತ್ತು ಬಿಡಿಸಿ ಬರೆಸಲು ಇದೂ ಒಂದು ಕಾರಣ.

ಪ್ರಶ್ನೆ: ಆರ್‌ಟಿಇ ಸೀಟು ಈಗ ಸಿಗುವುದೇ ಇಲ್ಲವಂತೆ, ನಿಜವೇ?
– ತರೀಕೆರೆ ಓದುಗರು

ಉತ್ತರ: ಬಹುಮಟ್ಟಿಗೆ ನಿಜ. ಶಿಕ್ಷಣ ಹಕ್ಕು (ಆರ್‌ಟಿಇ) ಕಾಯ್ದೆಯಲ್ಲಿ ಬಡ, ಹಿಂದುಳಿದ ಮಕ್ಕಳಿಗೆ ಖಾಸಗಿ ಶಾಲೆಯ ನೂರಕ್ಕೆ 25 ಸೀಟು ಇದ್ದೇ ಇದೆ. ಆದರೆ 2019ರಲ್ಲಿ ರಾಜ್ಯ ತನ್ನ ನಿಯಮ ಬದಲಿಸಿ, ನೆರೆಹೊರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಶಾಲೆಯಲ್ಲಿ ಆರ್‌ಟಿಇ ಸೀಟು ಇಲ್ಲವೆಂದು ಮಾಡಿತು, ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಹಳ್ಳಿಹಳ್ಳಿಯಲ್ಲೂ ಸರ್ಕಾರಿ ಶಾಲೆ ಇರುವ ನಮ್ಮ ಜಿಲ್ಲೆಗಳಲ್ಲಿ ಹೀಗೆ ಉಳಿಯುವ ಸೀಟು ಬೆರಳೆಣಿಕೆ. ಅಲ್ಪಸಂಖ್ಯಾತ ಸಂಸ್ಥೆಗಳಿಗೆ 2014ರ ತೀರ್ಪಿನಿಂದ ಈ ಕಾಯ್ದೆಯೇ ಅನ್ವಯಿಸುವುದಿಲ್ಲ. ಸೀಟು ಸಿಕ್ಕವರೂ ಒಂದು ಮಾತು ನೆನಪಿಡಿ: ಉಚಿತ ಇರುವುದು ಎಂಟರವರೆಗೆ. ಒಂಬತ್ತಕ್ಕೆ ಪೂರ್ತಿ ಶುಲ್ಕ ಬೀಳುತ್ತದೆ, ಅದಕ್ಕೆ ಏಳರಿಂದಲೇ ಹಣ ಹೊಂದಿಸಿಕೊಳ್ಳಿ.

ಪ್ರಶ್ನೆ: ಹಳ್ಳಿಯ ಕನ್ನಡ ಶಾಲೆಯಲ್ಲಿ ಐದು ಮುಗಿಸಿದ ಮಗನನ್ನು ಹಾಸನದ ಇಂಗ್ಲಿಷ್ ಮಾಧ್ಯಮ ಶಾಲೆಗೆ ಸೇರಿಸಬೇಕೆಂದಿದ್ದೇವೆ. ಮುಂದೆ ಏನಾದರೂ ನಷ್ಟವಿದೆಯೇ?
– ರೈತ ದಂಪತಿ, ಆಲೂರು ತಾಲ್ಲೂಕು

ಉತ್ತರ: ಇದೆ, ಮತ್ತು ಇದನ್ನು ಶಾಲೆಯವರು ಯಾರೂ ನಿಮಗೆ ಹೇಳುವುದಿಲ್ಲ. ವೃತ್ತಿ ಕೋರ್ಸುಗಳ ಪ್ರವೇಶ ಪರೀಕ್ಷೆಯಾದ ಸಿಇಟಿಯಲ್ಲಿ ಗ್ರಾಮೀಣ ಅಭ್ಯರ್ಥಿಗಳಿಗೆ ನೂರಕ್ಕೆ 15, ಕನ್ನಡ ಮಾಧ್ಯಮದವರಿಗೆ ನೂರಕ್ಕೆ 5 ಸೀಟು ಮೀಸಲು. ಎರಡಕ್ಕೂ ಒಂದರಿಂದ ಹತ್ತರವರೆಗೆ ಪೂರ್ತಿ ಹತ್ತು ವರ್ಷ ಓದಿರಬೇಕು. ರಾಜ್ಯ ಸರ್ಕಾರಿ ನೌಕರಿಯಲ್ಲೂ ಗ್ರಾಮೀಣ, ಕನ್ನಡ ಮಾಧ್ಯಮ ಮೀಸಲಾತಿ ಇದೆ. ಆರನೇ ತರಗತಿಗೆ ಹಾಸನ ನಗರಕ್ಕೆ ಸೇರಿಸಿದ ದಿನವೇ ಎರಡೂ ಕೈತಪ್ಪುತ್ತವೆ, ಐದು ವರ್ಷ ಓದಿದ್ದಕ್ಕೆ ಅರ್ಧ ಲೆಕ್ಕವೇನೂ ಸಿಗುವುದಿಲ್ಲ.

ಗ್ರಾಮೀಣ ಮೀಸಲಾತಿಗೆ ನೋಡುವುದು ಶಾಲೆ ಇರುವ ಜಾಗವನ್ನು, ಶಾಲೆಯ ಬಗೆಯನ್ನಲ್ಲ. ಹಳ್ಳಿಯಲ್ಲಿರುವ ಖಾಸಗಿ ಇಂಗ್ಲಿಷ್ ಶಾಲೆಯಾದರೂ ನಡೆಯುತ್ತದೆ. ಹಾಗಾಗಿ ಇಂಗ್ಲಿಷ್ ಮಾಧ್ಯಮವೇ ಬೇಕೆಂದಿದ್ದರೆ ನಗರದ ಎಲ್ಲೆಯ ಹೊರಗಿನ ಶಾಲೆ ನೋಡಿದರೆ ಒಂದು ಮೀಸಲಾತಿಯಾದರೂ ಉಳಿಯುತ್ತದೆ. ಊರು ನಗರಸಭೆಗೋ ಪಟ್ಟಣ ಪಂಚಾಯಿತಿಗೋ ಸೇರಿದೆಯೇ ಎಂದು ಬಿಇಒ ಕಚೇರಿಯಲ್ಲಿ ಕೇಳಿ ಖಚಿತ ಮಾಡಿಕೊಳ್ಳಿ. ಕೊನೆಗೆ ವ್ಯಾಸಂಗ ಪ್ರಮಾಣಪತ್ರಕ್ಕೆ ಮೇಲುಸಹಿ ಹಾಕಬೇಕಾದವರೂ ಅವರೇ.

ಪ್ರಶ್ನೆ: ನಮ್ಮದು ತೋಟದ ದಾರಿ. ಶಾಲೆ ಬಸ್ಸು ಮೇನ್ ರೋಡಿಗೆ ಮಾತ್ರ ಬರುತ್ತದೆ, ಅಲ್ಲಿಂದ ಖಾಸಗಿ ವ್ಯಾನಿಗೆ ಹಾಕಬೇಕು. ಮಳೆಗಾಲದ ರಜೆಗಳಿಂದ ಪಾಠ ಹಿಂದೆ ಬೀಳುವುದಿಲ್ಲವೇ?
– ಸಕಲೇಶಪುರದ ತಾಯಿ

ಉತ್ತರ: ವ್ಯಾನಿನ ನಂಬರ್ ಪ್ಲೇಟ್ ನೋಡಿ. ಬಿಳಿ ಪ್ಲೇಟಿನ ಓಮ್ನಿಯಲ್ಲಿ ಬಾಡಿಗೆಗೆ ಮಕ್ಕಳನ್ನು ಕೂರಿಸುವುದು ಕಾನೂನುಬಾಹಿರ, ಅಪಘಾತವಾದರೆ ವಿಮೆಯವರು ತಕರಾರು ತೆಗೆಯುವುದು ಇಲ್ಲೇ. ಹಳದಿ ಪ್ಲೇಟು, ಚಾಲ್ತಿಯಲ್ಲಿರುವ ಫಿಟ್‌ನೆಸ್ ಪತ್ರ, ವಿಮೆ, ಡ್ರೈವರ್ ಲೈಸೆನ್ಸ್ ಈ ನಾಲ್ಕರ ಫೋಟೋ ಫೋನಿನಲ್ಲಿ ಇಟ್ಟುಕೊಳ್ಳಿ. ಜೂನ್ ಬರುವ ಮೊದಲೇ ಟಯರಿನ ಗೀರು, ವೈಪರ್, ಮಂಜಿನ ದೀಪ ನೋಡಿ. ಬಾಗಿಲ ಬಳಿ ಮಕ್ಕಳನ್ನು ಇಳಿಸಿಕೊಳ್ಳಲು ಒಬ್ಬ ಸಹಾಯಕರು ಇರಲೇಬೇಕು. ಚಿಕ್ಕ ಮಕ್ಕಳು ಗಾಡಿಗೆ ಸಿಕ್ಕುವುದು ಹೆಚ್ಚಾಗಿ ಇಳಿದು ಅದರ ಮುಂದೆಯೇ ದಾಟುವಾಗ.

ರಜೆಯ ವಿಷಯ: ಜಿಲ್ಲಾಧಿಕಾರಿಗಳು ಮಳೆ ರಜೆ ಘೋಷಿಸಿದರೆ ಆದೇಶದಲ್ಲಿ ಹೆಸರಿಸಿದ ತಾಲ್ಲೂಕಿನ ಖಾಸಗಿ ಶಾಲೆಗಳೂ ಮುಚ್ಚಬೇಕು. ‘ನಾವು ಸಿಬಿಎಸ್‌ಇ’ ಎಂಬ ನೆಪ ನಡೆಯದು. ಆದರೆ ವರ್ಷಕ್ಕೆ ಐದರವರೆಗೆ ಕನಿಷ್ಠ 200 ದಿನ, ಆರರಿಂದ ಎಂಟಕ್ಕೆ 220 ದಿನ ಶಾಲೆ ನಡೆಯಲೇಬೇಕು. ಕಳೆದ ದಿನಗಳನ್ನು ಶನಿವಾರ ಮಧ್ಯಾಹ್ನ ತುಂಬಿಸುತ್ತಾರೋ ದಸರಾ ರಜೆಯಲ್ಲೋ ಎಂದು ಜೂನ್‌ನಲ್ಲೇ ಕೇಳಿ. ಏನೂ ಯೋಜನೆ ಇಲ್ಲದ ಶಾಲೆ ಫೆಬ್ರವರಿಯಲ್ಲಿ ಮೂರು ಪಾಠವನ್ನು ಒಂದು ವಾರದಲ್ಲಿ ಓಡಿಸುತ್ತದೆ.

ಪ್ರಶ್ನೆ: ಶುಲ್ಕ ಬಾಕಿ ಇದೆಯೆಂದು ಟಿಸಿ ಕೊಡುತ್ತಿಲ್ಲ. ಮಗಳನ್ನು ಸರ್ಕಾರಿ ಶಾಲೆಗೆ ಸೇರಿಸಬೇಕಿತ್ತು.
– ಮೂಡಿಗೆರೆ ಓದುಗರು

ಉತ್ತರ: ಇಂದೇ ಸೇರಿಸಿ. ಸರ್ಕಾರಿ ಅಥವಾ ಅನುದಾನಿತ ಶಾಲೆಗೆ ಹೋಗುವ ಮಗುವಿಗೆ ತಕ್ಷಣ ಟಿಸಿ ಕೊಡಬೇಕು, ಟಿಸಿ ತಡವಾಯಿತೆಂದು ಸೇರಿಸಿಕೊಳ್ಳದೆ ಇರುವಂತಿಲ್ಲ ಎಂದು ಶಿಕ್ಷಣ ಹಕ್ಕು ಕಾಯ್ದೆಯ 5ನೇ ಕಲಮು ಹೇಳುತ್ತದೆ. ಇದು ಎಂಟನೇ ತರಗತಿವರೆಗಿನ ಮಾತು. ಹಳೆ ಶಾಲೆಗೆ ಎರಡು ಪ್ರತಿ ಅರ್ಜಿ ಬರೆದು, ಒಂದರ ಮೇಲೆ ಸೀಲು ಹಾಕಿಸಿಕೊಳ್ಳಿ. ಸೀಲು ಹಾಕದಿದ್ದರೆ ಸ್ಪೀಡ್ ಪೋಸ್ಟ್ ಅಂಚೆಯಲ್ಲಿ ಕಳಿಸಿ. ಅದರ ಪ್ರತಿ, ಮಗುವಿನ ಎಸ್‌ಎಟಿಎಸ್ ಸಂಖ್ಯೆ (ಇಲಾಖೆಯ ವಿದ್ಯಾರ್ಥಿ ದಾಖಲೆಯ ಸಂಖ್ಯೆ) ಸೇರಿಸಿ ಬಿಇಒಗೆ ದೂರು ಕೊಡಿ. ಎಸ್‌ಎಟಿಎಸ್‌ನಲ್ಲಿ ಹೆಸರು ವರ್ಗವಾಗದಿದ್ದರೆ ಹೊಸ ಶಾಲೆಯ ಲೆಕ್ಕಕ್ಕೆ ಮಗು ಬರುವುದಿಲ್ಲ, ಆದ್ದರಿಂದ ಆ ಸಂಖ್ಯೆ ಬರೆಯುವುದು ಮರೆಯಬೇಡಿ. ಬಾಕಿ ವಸೂಲಿಗೆ ಶಾಲೆಗೆ ನ್ಯಾಯಾಲಯದ ದಾರಿ ಇದೆ, ಮಗುವಿನ ಕಾಗದ ಒತ್ತೆಯ ವಸ್ತುವಲ್ಲ. ನಿಜವಾಗಿ ಬಾಕಿ ಇದ್ದರೆ ಕಂತಿನಲ್ಲಿ ತೀರಿಸುವುದಾಗಿ ಬರೆದುಕೊಡಿ. ಆ ಮೇಷ್ಟ್ರ ಸಂಬಳವೂ ಅದೇ ಹಣದಿಂದ ಆಗಬೇಕು.

ಪ್ರಶ್ನೆ: ಖಾಸಗಿ ಶಾಲೆಯಲ್ಲಿ 11 ವರ್ಷ ಟೀಚರ್ ಆಗಿದ್ದೆ. ಏಪ್ರಿಲ್‌ನಲ್ಲಿ ‘ಬರುವ ವರ್ಷ ಬೇಡ’ ಎಂದರು. ಏನೂ ಕೊಡಲಿಲ್ಲ.
– ಶಿಕ್ಷಕಿ, ಚನ್ನರಾಯಪಟ್ಟಣ

ಉತ್ತರ: ನಿಮಗೆ ಗ್ರ್ಯಾಚುಯಿಟಿ, ಅಂದರೆ ಕೆಲಸ ಬಿಡುವಾಗ ಸೇವೆಯ ಲೆಕ್ಕದಲ್ಲಿ ಕೊಡುವ ಹಣ, ಬರಬೇಕು. ಹತ್ತು ಅಥವಾ ಹೆಚ್ಚು ನೌಕರರಿರುವ ಶಾಲೆಯಲ್ಲಿ ಐದು ವರ್ಷ ಸತತ ಸೇವೆ ಮಾಡಿದ ಶಿಕ್ಷಕರೆಲ್ಲರಿಗೂ ಇದು ಹಕ್ಕು. 2009ರ ತಿದ್ದುಪಡಿ ಇದನ್ನು 1997ರ ಏಪ್ರಿಲ್ 3ರಿಂದಲೇ ಅನ್ವಯಿಸಿತು. ಖಾಸಗಿ ಶಾಲೆಗಳ ಒಕ್ಕೂಟ ಪ್ರಶ್ನಿಸಿದಾಗ ಸುಪ್ರೀಂ ಕೋರ್ಟ್ 2022ರ ಆಗಸ್ಟ್‌ನಲ್ಲಿ ಶಿಕ್ಷಕರ ಪರ ತೀರ್ಪು ಕೊಟ್ಟಿತು. ಲೆಕ್ಕ ಹೀಗೆ: ಕೊನೆಯ ಮೂಲವೇತನ ಮತ್ತು ತುಟ್ಟಿಭತ್ಯೆಯನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ಸೇವೆಯ ವರ್ಷಗಳಿಂದ ಗುಣಿಸಿ. 18,000 ರೂಪಾಯಿ ಇದ್ದರೆ 11 ವರ್ಷಕ್ಕೆ ಸುಮಾರು 1,14,230 ರೂಪಾಯಿ.

ಶಾಲೆಯವರು ತೆಗೆಯುವ ಮೊದಲ ತಕರಾರು ‘ಪ್ರತಿ ಏಪ್ರಿಲ್‌ನಲ್ಲಿ ಬಿಡಿಸಿ ಜೂನ್‌ನಲ್ಲಿ ಹೊಸದಾಗಿ ತೆಗೆದುಕೊಂಡಿದ್ದೇವೆ’ ಎಂಬುದು. ಸಂಬಳ ಸಹಿತ ರಜೆಗಳೂ ಸೇರಿ ವರ್ಷದಲ್ಲಿ 240 ದಿನ ತುಂಬಿದ್ದರೆ ಅದು ಪೂರ್ತಿ ವರ್ಷವೇ. ಬ್ಯಾಂಕ್ ಪಾಸ್‌ಬುಕ್, ನೇಮಕ ಪತ್ರ, ಸಂಬಳ ಚೀಟಿ, ನಿಮ್ಮ ಸಹಿ ಇರುವ ಅಂಕಪಟ್ಟಿಗಳ ಪ್ರತಿ ಕೂಡಿಡಿ. ಮೊದಲು ಶಾಲೆಗೆ ಲಿಖಿತ ಬೇಡಿಕೆ, ಕೊಡದಿದ್ದರೆ ಜಿಲ್ಲಾ ಕಾರ್ಮಿಕ ಇಲಾಖೆ ಕಚೇರಿಗೆ ಅರ್ಜಿ. ತೆಗೆದುಹಾಕಿದ್ದನ್ನೇ ಪ್ರಶ್ನಿಸುವುದಾದರೆ ಕರ್ನಾಟಕ ಶಿಕ್ಷಣ ಕಾಯ್ದೆಯ 94ನೇ ಕಲಮಿನಡಿ ಮೂರು ತಿಂಗಳೊಳಗೆ ಶಿಕ್ಷಣ ಮೇಲ್ಮನವಿ ನ್ಯಾಯಮಂಡಳಿಗೆ ಹೋಗಬೇಕು. ದಿನ ಎಣಿಸಿ, ಬೇಗ ವಕೀಲರನ್ನು ಕಾಣಿ. ಕೆಲಸಕ್ಕೆ ಸೇರುವ ಎಳೆಯರಿಗೂ ಒಂದು ಮಾತು: ಮೂಲ ಅಂಕಪಟ್ಟಿಗಳನ್ನು ಶಾಲೆಯಲ್ಲಿ ಇಡಲು ಕೊಡಬೇಡಿ, ತೋರಿಸಿ ವಾಪಸ್ ತನ್ನಿ.

ಪ್ರಶ್ನೆ: ಸಿಬಿಎಸ್‌ಇ ಶಾಲೆಯಲ್ಲಿ ಕನ್ನಡ ಕಲಿಸುತ್ತಾರಾ?
– ಬೇಲೂರಿನ ಅಜ್ಜ

ಉತ್ತರ: ಕಲಿಸಲೇಬೇಕು. 2015ರ ಕನ್ನಡ ಭಾಷಾ ಕಲಿಕೆ ಕಾಯ್ದೆಯ ಪ್ರಕಾರ ರಾಜ್ಯದ ಎಲ್ಲ ಶಾಲೆಗಳಲ್ಲೂ ಕನ್ನಡ ಮೊದಲನೆಯ ಅಥವಾ ಎರಡನೆಯ ಭಾಷೆ. ಮಾಧ್ಯಮ ಮಾತ್ರ ಪೋಷಕರ ಆಯ್ಕೆ, ಹಾಗೆಂದು 2014ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ವೇಳಾಪಟ್ಟಿಯಲ್ಲಿ ವಾರಕ್ಕೆ ಎಷ್ಟು ಕನ್ನಡ ಪಿರಿಯಡ್ ಎಂದು ನೋಡಿ, ಮೊಮ್ಮಗನಿಂದ ವಾರಕ್ಕೊಮ್ಮೆ ದಿನಪತ್ರಿಕೆಯ ಒಂದು ಸುದ್ದಿ ಗಟ್ಟಿಯಾಗಿ ಓದಿಸಿ. ಪಿರಿಯಡ್ ಇದ್ದೂ ಪಾಠ ನಡೆಯದಿದ್ದರೆ ಮೂರು ವಾರದಲ್ಲಿ ತಾನಾಗಿ ಗೊತ್ತಾಗುತ್ತದೆ.

ಪ್ರಶ್ನೆ: ನವೋದಯಕ್ಕೆ ಮಗಳನ್ನು ತಯಾರು ಮಾಡಲು ನಾಲ್ಕನೇ ತರಗತಿಗೇ ಪೇಟೆಯ ಖಾಸಗಿ ಶಾಲೆಗೆ ಸೇರಿಸಿದರೆ ಒಳ್ಳೆಯದೇ?
– ಓದುಗರು, ನರಸಿಂಹರಾಜಪುರ ತಾಲ್ಲೂಕು

ಉತ್ತರ: ಬೇಡ. ನಮ್ಮ ಕಡೆಯ ನವೋದಯಗಳು ಚಿಕ್ಕಮಗಳೂರು ಜಿಲ್ಲೆಗೆ ಬಾಳೆಹೊನ್ನೂರಿನಲ್ಲಿ, ಹಾಸನ ಜಿಲ್ಲೆಗೆ ಮಾವಿನಕೆರೆಯಲ್ಲಿ ಇವೆ. ಆರನೇ ತರಗತಿಗೆ ಹೆಚ್ಚೆಂದರೆ 80 ಸೀಟು, ಅದರಲ್ಲಿ ಕನಿಷ್ಠ ನೂರಕ್ಕೆ 75 ಗ್ರಾಮೀಣ ಮಕ್ಕಳಿಗೆ. ಗ್ರಾಮೀಣ ಎಂದು ಲೆಕ್ಕಕ್ಕೆ ಬರಲು ಮೂರು, ನಾಲ್ಕು, ಐದು ಈ ಮೂರೂ ತರಗತಿಗಳನ್ನು ಹಳ್ಳಿಯ ಶಾಲೆಯಲ್ಲೇ ಪೂರ್ತಿ ಓದಿರಬೇಕು. ನಾಲ್ಕರಲ್ಲಿ ಪೇಟೆಗೆ ಹೋದರೆ ಉಳಿದ ಕಾಲು ಭಾಗದ ಸೀಟಿಗೆ ಪೇಟೆಯ ಮಕ್ಕಳೊಂದಿಗೆ ಸ್ಪರ್ಧಿಸಬೇಕು. ಐದನೇ ತರಗತಿ ಅದೇ ಜಿಲ್ಲೆಯ ಮಾನ್ಯತೆ ಪಡೆದ ಶಾಲೆಯಲ್ಲಿರಬೇಕು, ಪರೀಕ್ಷೆ ಬರೆಯಲು ಒಂದೇ ಅವಕಾಶ. ಈಗಿನ ಶಾಲೆಯಲ್ಲೇ ಇರಲಿ. ದಿನಕ್ಕೆ ಒಂದು ಗಂಟೆ ಮನೆಯಲ್ಲಿ ಲೆಕ್ಕ, ಚಿತ್ರಗಳ ಮಾನಸಿಕ ಸಾಮರ್ಥ್ಯದ ಪ್ರಶ್ನೆ, ಒಂದು ಪುಟ ಓದಿ ಉತ್ತರಿಸುವುದು ಅಭ್ಯಾಸ ಮಾಡಿಸಿ. ಪರೀಕ್ಷೆ ಕನ್ನಡದಲ್ಲೂ ಬರೆಯಬಹುದು, ಅರ್ಜಿಯಲ್ಲಿ ಆ ಭಾಷೆಯನ್ನೇ ಗುರುತು ಮಾಡಿ.